ಕಣಿವೆಯಿಲ್ಲದ ರಿವೆಂಡೆಲ್: ಲೆಗೊ 10316 ಮಾದರಿಯ ವಿಮರ್ಶೆ

ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆಗೆ ಹೆಸರಾದ ಲೆಗೊ ಕಂಪನಿಯು 2023ರ ಮಾರ್ಚ್ ತಿಂಗಳಲ್ಲಿ ತನ್ನ ಐಕಾನ್ಸ್ ಶ್ರೇಣಿಯಲ್ಲಿ ಹೊರತಂದ, 10316 ಸಂಖ್ಯೆಯ ‘ರಿವೆಂಡೆಲ್’ ಮಾದರಿಯನ್ನು ಆಟಿಕೆ ಎಂದು ಕರೆಯಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಪೆಟ್ಟಿಗೆಯಲ್ಲಿ 6,167 ತುಣುಕುಗಳೂ 15 ಗೊಂಬೆಗಳೂ ಇವೆ. 18 ವರ್ಷ ಮೇಲ್ಪಟ್ಟವರಿಗೆ ಎಂದು ಅದರ ಮೇಲೆಯೇ ನಮೂದಿಸಲಾಗಿದೆ. ಅಮೆರಿಕದಲ್ಲಿ ಬಿಡುಗಡೆಯಾದಾಗಿನ ಬೆಲೆ 499.99 ಡಾಲರ್. ಜೋಡಿಸಿ ಮುಗಿಸಿದ ಮೇಲೆ ಅದು ಸುಮಾರು 75 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳ ಮತ್ತು 39 ಸೆಂಟಿಮೀಟರ್ ಎತ್ತರದ ಒಂದು ಪುಟ್ಟ ಊರಾಗಿ ನಿಲ್ಲುತ್ತದೆ. ಇಷ್ಟು ಹಣವನ್ನೂ ಇಷ್ಟು ಜಾಗವನ್ನೂ ಕೇಳುವ ವಸ್ತುವನ್ನು ಸುಮ್ಮನೆ ಚೆನ್ನಾಗಿದೆ ಎಂದು ಹೊಗಳಿ ಮುಗಿಸುವಂತಿಲ್ಲ. ಇದರಲ್ಲಿ ಲೆಗೊ ಗೆದ್ದಿರುವುದು ಎಲ್ಲಿ, ಕೈಚೆಲ್ಲಿರುವುದು ಎಲ್ಲಿ ಎಂಬುದನ್ನು ನೋಡಲು ಮೊದಲು ಮೂಲ ಊರನ್ನೇ ನೆನಪಿಸಿಕೊಳ್ಳಬೇಕು.

ರಿವೆಂಡೆಲ್ ಎಂಬುದು ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ತಮ್ಮ ಕಾದಂಬರಿಗಳಲ್ಲಿ ಕಲ್ಪಿಸಿದ ಮಧ್ಯಭೂಮಿ ಎಂಬ ಲೋಕದಲ್ಲಿ, ಮಂಜಿನ ಪರ್ವತಗಳ ಪಶ್ಚಿಮದ ತಪ್ಪಲಿನಲ್ಲಿ ಅಡಗಿರುವ, ಎಲ್ಫ್ ಎಂಬ ಸಾವಿಲ್ಲದ ಕುಲದವರ ನೆಲೆ. ಎಲ್ಫ್‌ಗಳ ನುಡಿಯಲ್ಲಿ ಅದಕ್ಕೆ ಇಮ್ಲಾದ್ರಿಸ್ ಎಂಬ ಹೆಸರಿದೆ. ಕಥಾಲೋಕದ ಕಾಲಗಣನೆಯ ಪ್ರಕಾರ ಎರಡನೆಯ ಯುಗದ 1697ನೇ ವರ್ಷದಲ್ಲಿ, ಯುದ್ಧದಲ್ಲಿ ಸೋತು ಹಿಂದೆ ಸರಿದ ಸೇನೆಯ ಅಳಿದುಳಿದವರೊಂದಿಗೆ ಅವರ ನಾಯಕ ಎಲ್ರಾಂಡ್ ಇದನ್ನು ಕಟ್ಟಿದ. ಅಂದರೆ ಇದು ಹುಟ್ಟಿದ್ದೇ ಆಶ್ರಯತಾಣವಾಗಿ. ದಾರಿ ಗೊತ್ತಿಲ್ಲದವರಿಗೆ ಕಣಿವೆಯ ಅಂಚಿಗೆ ಬಂದು ನಿಂತರೂ ಕಾಣದಂಥ ಊರು. ಮೂರನೆಯ ಯುಗದ 3018ರ ಅಕ್ಟೋಬರ್ 20ರಂದು ಕೇಡಿನ ಮಾಯಾ ಉಂಗುರವನ್ನು ಹೊತ್ತ, ಹಾಬಿಟ್ ಎಂಬ ಕುಳ್ಳ ಕುಲದ ಫ್ರೋಡೊ ಗಾಯಗೊಂಡು ನದಿಯ ಕಡವನ್ನು ದಾಟಿ ಇಲ್ಲಿಗೆ ಸೇರುತ್ತಾನೆ, 25ರಂದು ಉಂಗುರದ ಗತಿಯನ್ನು ನಿರ್ಧರಿಸುವ ಸಭೆ ಸೇರುತ್ತದೆ, ಡಿಸೆಂಬರ್ 25ರಂದು ಒಂಬತ್ತು ಮಂದಿಯ ತಂಡ ಇಲ್ಲಿಂದಲೇ ಹೊರಡುತ್ತದೆ. ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಓದಿದವರಿಗೆ ಇವೆಲ್ಲ ಗೊತ್ತಿರುವ ಸಂಗತಿಗಳೇ. ಓದದೆ ಬರೀ ಸಿನಿಮಾ ನೋಡಿದವರಿಗೂ ಈ ಮಾದರಿಯನ್ನು ಸವಿಯಲು ಅಡ್ಡಿಯಿಲ್ಲ, ಏಕೆಂದರೆ ಲೆಗೊ ಇಲ್ಲಿ ಅನುಸರಿಸಿರುವುದು ಪುಸ್ತಕಕ್ಕಿಂತ ಹೆಚ್ಚಾಗಿ 2001ರಲ್ಲಿ ತೆರೆಗೆ ಬಂದ ಪೀಟರ್ ಜಾಕ್ಸನ್ ಅವರ ಚಿತ್ರವನ್ನು.

ಈ ಆಯ್ಕೆ ಮಾದರಿಯ ಮೂಲೆ ಮೂಲೆಯಲ್ಲೂ ಕಾಣುತ್ತದೆ. ಪುಸ್ತಕದಲ್ಲಿ ನಾರ್ಸಿಲ್ ಖಡ್ಗದ ಮುರಿದ ಚೂರುಗಳನ್ನು ಅದರ ವಾರಸುದಾರ ಅರಗಾರ್ನ್ ತನ್ನೊಂದಿಗೇ ಹೊತ್ತು ತಿರುಗುತ್ತಾನೆ. ಚಿತ್ರದಲ್ಲಿ ಅವು ರಿವೆಂಡೆಲ್‌ನಲ್ಲಿ ಒಂದು ಶಿಲ್ಪದ ಕೈಯಲ್ಲಿ ಪೂಜ್ಯ ವಸ್ತುಗಳಂತೆ ಇರುತ್ತವೆ, ಮಾದರಿಯಲ್ಲೂ ಹಾಗೆಯೇ ಇವೆ. ಪುಸ್ತಕದಲ್ಲಿ ಸಭೆ ನಡೆಯುವುದು ಮನೆಯ ಜಗಲಿಯಲ್ಲಿ. ಚಿತ್ರದಲ್ಲಿ ಅದು ಆಕಾಶಕ್ಕೆ ತೆರೆದುಕೊಂಡ ವೃತ್ತಾಕಾರದ ಅಂಗಳ, ನಡುವೆ ಉಂಗುರವನ್ನಿಡುವ ಕಲ್ಲುಪೀಠ. ಲೆಗೊ ಈ ಎರಡನೆಯದನ್ನೇ ತೆಗೆದುಕೊಂಡಿದೆ. ಫ್ರೋಡೊನನ್ನು ಕಾಪಾಡಲು ತನ್ನ ಕುದುರೆಯನ್ನೇ ಬಿಟ್ಟುಕೊಡುವ ಗ್ಲೋರ್‌ಫಿಂಡೆಲ್ ಎಂಬ ಎಲ್ಫ್‌ನ ಪಾತ್ರವನ್ನು ಚಿತ್ರವು ಎಲ್ರಾಂಡನ ಮಗಳು ಆರ್ವೆನ್‌ಗೆ ವಹಿಸಿತ್ತು. ಹಾಗಾಗಿ ಪೆಟ್ಟಿಗೆಯಲ್ಲಿ ಆರ್ವೆನ್ ಇದ್ದಾಳೆ, ಅವನ ಹೆಸರಿನ ಗೊಂಬೆ ಇಲ್ಲ. ಪುಸ್ತಕಕ್ಕೆ ಕಟ್ಟುಬಿದ್ದ ಓದುಗರಿಗೆ ಇದು ಸ್ವಲ್ಪ ಚುಚ್ಚಬಹುದು. ಆದರೆ ಕಣ್ಣಿಗೆ ಕಟ್ಟುವಂಥ ವಾಸ್ತುವಿವರಗಳನ್ನು ಟೋಲ್ಕಿನ್ ಕೊಟ್ಟದ್ದೇ ಕಡಿಮೆ. ಕಮಾನುಗಳು, ಬಳ್ಳಿಯಂತೆ ಬಾಗುವ ಕಂಬಗಳು, ಎಲೆಯಂತೆ ಇಳಿಯುವ ಮಾಡುಗಳು (ಚಾವಣಿಗಳು) ಇವೆಲ್ಲ ಬಹುಮಟ್ಟಿಗೆ ಕಲಾವಿದ ಅಲನ್ ಲೀ ಅವರ ಕೈಯಿಂದ ಚಿತ್ರಕ್ಕೆ ಬಂದವು. ಅವುಗಳನ್ನು ಬಿಟ್ಟು ಹೊಸದಾಗಿ ಊಹಿಸಿಕೊಳ್ಳಲು ಲೆಗೊಗೆ ಯಾವ ಕಾರಣವೂ ಇರಲಿಲ್ಲ.

ಈಗ ಜೋಡಣೆಯ ವಿಷಯ. ಊರು ಮೂರು ಭಾಗಗಳಲ್ಲಿದೆ: ಫ್ರೋಡೊ ಚೇತರಿಸಿಕೊಳ್ಳುವ ಕೋಣೆಯೂ ಎಲ್ರಾಂಡನ ಓದುಮನೆಯೂ ಇರುವ ಮುಖ್ಯ ಕಟ್ಟಡ ಒಂದು, ಸಭೆಯ ಅಂಗಳ ಇನ್ನೊಂದು, ಹೊಳೆ, ಸೇತುವೆ, ಗೋಪುರ ಮತ್ತು ಕಿರುಮಂಟಪ ಸೇರಿದ್ದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಕೈಪಿಡಿಗಳಿರುವುದರಿಂದ ಮೂರು ಮಂದಿ ಒಂದೇ ಮೇಜಿನ ಸುತ್ತ ಕೂತು, ಒಬ್ಬರ ಕೈಗೆ ಇನ್ನೊಬ್ಬರ ಕೈ ತಾಗದಂತೆ ಕೆಲಸ ಮಾಡಬಹುದು. ಇದು ಬಹಳ ವಿವೇಕದ ಏರ್ಪಾಡು. ದೊಡ್ಡ ಮಾದರಿಗಳಲ್ಲಿ ಸಾಮಾನ್ಯವಾಗಿ ಒಬ್ಬರು ಜೋಡಿಸುತ್ತಾರೆ, ಉಳಿದವರು ತುಣುಕು ಹುಡುಕಿಕೊಡುವ ಕೂಲಿಗಳಾಗುತ್ತಾರೆ. ಇಲ್ಲಿ ಆ ತಾರತಮ್ಯವಿಲ್ಲ. ಆದರೂ ಪಾಲು ಹಂಚಿಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಮುಖ್ಯ ಕಟ್ಟಡ ಪಡೆದವರಿಗೆ ಕೆಲಸವೂ ಹೆಚ್ಚು, ಸೊಗಸೂ ಹೆಚ್ಚು. ಕಿರಿಯರು ಇದ್ದರೆ ಅವರಿಗೆ ಸಭೆಯ ಅಂಗಳವನ್ನು ಕೊಡುವುದು ಒಳ್ಳೆಯದು, ಏಕೆಂದರೆ ಅದು ಬೇಗ ಆಕಾರಕ್ಕೆ ಬರುತ್ತದೆ ಮತ್ತು ಗೊಂಬೆಗಳನ್ನು ಕೂರಿಸುವ ಸುಖ ಅಲ್ಲಿಯೇ ಇದೆ.

ಲೆಗೊದ ಮೂಲ ಇಟ್ಟಿಗೆಯ ಸ್ವಭಾವವನ್ನು ನೆನೆದರೆ ಎಲ್ಫ್‌ಗಳ ಊರನ್ನು ಕಟ್ಟುವುದು ಎಷ್ಟು ಕಷ್ಟದ ಸವಾಲು ಎಂಬುದು ತಿಳಿಯುತ್ತದೆ. 1958ರ ಜನವರಿ 28ರಂದು ಡೆನ್ಮಾರ್ಕಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಆ ಇಟ್ಟಿಗೆ ಮೇಲೆ ಗುಬ್ಬಿ (ಉಬ್ಬಿದ ಪುಟ್ಟ ಗುಂಡಿ), ಒಳಗೆ ಕೊಳವೆ ಇರುವ, ನಾಲ್ಕೂ ಮೂಲೆ ನೇರವಾದ ಪೆಟ್ಟಿಗೆ. ಗುಬ್ಬಿಯಿಂದ ಗುಬ್ಬಿಗೆ 8 ಮಿಲಿಮೀಟರ್ ಅಂತರ. ಎಲ್ಲ ಗೋಡೆಗಳೂ ಆ ಚೌಕುಳಿಯಲ್ಲೇ ನಿಲ್ಲಬೇಕು. ಕೋಟೆ, ಬಂಗಲೆ, ಪೊಲೀಸ್ ಠಾಣೆ ಮುಂತಾದವು ಈ ಚೌಕುಳಿಗೆ ತಾವಾಗಿಯೇ ಒಗ್ಗುತ್ತವೆ. ರಿವೆಂಡೆಲ್‌ನಲ್ಲಾದರೋ ನೇರವಾದ ಗೆರೆ ಸಿಗುವುದೇ ಅಪರೂಪ. ವಿನ್ಯಾಸಕಾರರು ಇದಕ್ಕೆ ಕಂಡುಕೊಂಡಿರುವ ದಾರಿಯೆಂದರೆ, ನೆಲದ ಮಟ್ಟದಲ್ಲಿ ಚೌಕುಳಿಯನ್ನು ಒಪ್ಪಿಕೊಂಡು, ಮೇಲೇರುತ್ತ ಹೋದಂತೆ ಕೀಲುಗಳ ಮೇಲೆ ಓರೆಯಾಗಿ ನಿಲ್ಲುವ ಗೋಡೆಗಳನ್ನೂ ಬಾಗಿದ ತೆಳು ತುಣುಕುಗಳಿಂದಾದ ಕಮಾನುಗಳನ್ನೂ ಸೇರಿಸುತ್ತ, ಕಣ್ಣು ಚೌಕವನ್ನು ಮರೆಯುವಂತೆ ಮಾಡುವುದು. ಕಮಾನಿನ ಕೆಳಗಿನ ಜಾಲಂದ್ರವನ್ನು ಹತ್ತಿರದಿಂದ ನೋಡಿದಾಗ ಮಾತ್ರ, ಒಂದೊಂದೂ ಎಷ್ಟು ಸಾಧಾರಣ ತುಣುಕು, ಅವುಗಳ ಸರಣಿ ಎಷ್ಟು ನಾಜೂಕು ಎಂಬುದು ಗಮನಕ್ಕೆ ಬರುತ್ತದೆ. ಕೆತ್ತನೆಯ ಭ್ರಮೆಯನ್ನು ಹೊಸ ಅಚ್ಚು ಹಾಕಿ ತಂದಿಲ್ಲ, ಜೋಡಣೆಯಿಂದ ತಂದಿದ್ದಾರೆ ಎಂಬುದೇ ನನಗೆ ಹಿಡಿಸಿದ ಅಂಶ.

ಮಾಡುಗಳ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಮಾದರಿಯನ್ನು ಮೆಚ್ಚುವವರೂ ಬೇಸರಿಸುವವರೂ ಬೆರಳು ತೋರುವುದು ಅಲ್ಲಿಗೇ. ಒಂದು ಗುಬ್ಬಿಯ ಅಗಲದ, ನಯವಾದ ಮೇಲ್ಮೈಯ ಪುಟ್ಟ ಬಿಲ್ಲೆಗಳನ್ನು ಇಳಿಜಾರಾದ ಹಲಗೆಗಳ ಮೇಲೆ ಸಾಲು ಸಾಲಾಗಿ ಒತ್ತಬೇಕು. ಬಿಲ್ಲೆಯ ದಪ್ಪ 3.2 ಮಿಲಿಮೀಟರ್, ಬೆರಳ ತುದಿಯಲ್ಲಿ ಹಿಡಿದರೆ ಉಗುರಿನಷ್ಟೂ ಇಲ್ಲ. ಮಾಸಿದ ಹಸಿರು ಪ್ರಧಾನವಾಗಿದ್ದು, ನಡುನಡುವೆ ಬೇರೆ ಛಾಯೆಗಳು ಬೆರೆತಿವೆ. ಮೊದಮೊದಲು ಕೈಪಿಡಿಯ ಚಿತ್ರವನ್ನು ನೋಡಿ ನೋಡಿ ಒಂದೊಂದು ಬಣ್ಣವನ್ನೂ ಅದರದೇ ಜಾಗಕ್ಕೆ ಕೂರಿಸಲು ಹೋಗಿ ಕಣ್ಣು ಸೋಲುತ್ತದೆ. ಕೆಲವು ಸಾಲು ಮುಗಿಯುವ ಹೊತ್ತಿಗೆ ಹದ ಸಿಗುತ್ತದೆ: ಬಣ್ಣಗಳನ್ನು ಒಂದೇ ಬಟ್ಟಲಿಗೆ ಸುರಿದುಕೊಂಡು, ಒಂದೇ ಛಾಯೆ ಒಟ್ಟಾಗಿ ಗುಂಪುಗಟ್ಟದಂತೆ ನೋಡಿಕೊಂಡರೆ ಸಾಕು, ಮಾಡು ತಾನಾಗಿಯೇ ಹಳತಾದ, ಪಾಚಿ ಹಿಡಿದ, ಗಾಳಿಮಳೆ ಕಂಡ ಮಾಡಿನಂತೆ ಕಾಣತೊಡಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಗುಬ್ಬಿಯ ಮೇಲೆ ಕೂರುವ ಬಿಲ್ಲೆಯನ್ನು ಬೇರೆ ಯಾವುದೂ ಹಿಡಿದು ನಿಲ್ಲಿಸುವುದಿಲ್ಲವಾದ್ದರಿಂದ ಅದು ಕೂದಲೆಳೆಯಷ್ಟು ತಿರುಗುತ್ತದೆ. ಎರಡು ಗುಬ್ಬಿಯ ಬಿಲ್ಲೆಗೆ ಆ ಸ್ವಾತಂತ್ರ್ಯವಿಲ್ಲ. ಪರಿಣಾಮವಾಗಿ ಸಾಲು ಅಲ್ಲಲ್ಲಿ ಕೊಂಚ ಸೊಟ್ಟಗಾಗುತ್ತದೆ. ಶಿಸ್ತಿನ ಜನ ಅಳತೆಪಟ್ಟಿಯ ಅಂಚಿನಿಂದ ಒತ್ತಿ ಸಾಲನ್ನು ನೇರ ಮಾಡಿಕೊಳ್ಳುತ್ತಾರೆ; ನನ್ನ ಅಭಿಪ್ರಾಯದಲ್ಲಿ ಅದನ್ನು ಹಾಗೆಯೇ ಬಿಡುವುದು ಲೇಸು, ಆ ಸೊಟ್ಟಿನಲ್ಲೇ ಮಾಡಿಗೆ ಜೀವ ಬರುವುದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಹಿಡಿಯುವ ಮುಂಚೆ ಮಾಡಿಗೆ ಹತ್ತಿ ಹಂಚು ಕೈಯಾಡಿಸುವುದನ್ನು ಕಂಡವರಿಗೆ ಈ ಕೆಲಸದ ಲಯ ಅಪರಿಚಿತವಲ್ಲ: ಒಂದನ್ನು ಸರಿಸು, ಮುಂದಿನದನ್ನು ಕೂರಿಸು, ಹಿಂದಿನದಕ್ಕೆ ತಾಗಿತೇ ನೋಡು. ಈ ಲಯಕ್ಕೆ ಒಗ್ಗದವರಿಗೆ ಮಾತ್ರ ಮಾಡಿನ ಭಾಗ ಶಿಕ್ಷೆಯೇ ಸರಿ. ಒಂದೇ ಕೂಟಕ್ಕೆ ಇಡೀ ಮಾಡನ್ನು ಮುಗಿಸಲು ಹೊರಡಬಾರದು. ಹಾಡೋ ಹರಟೆಯೋ ಜೊತೆಗಿಟ್ಟುಕೊಂಡು ಕಂತುಕಂತಾಗಿ ಮಾಡಿದರೆ ಬೆರಳ ತುದಿಯೂ ಉಳಿಯುತ್ತದೆ, ಉತ್ಸಾಹವೂ ಉಳಿಯುತ್ತದೆ.

ಗೊಂಬೆಗಳ ವಿಷಯದಲ್ಲಿ ಲೆಗೊ ಧಾರಾಳವಾಗಿದೆ. ಉಂಗುರದ ತಂಡದ ಒಂಬತ್ತೂ ಮಂದಿ, ಅಂದರೆ ಫ್ರೋಡೊ, ಸ್ಯಾಮ್, ಮೆರಿ, ಪಿಪಿನ್, ಗ್ಯಾಂಡಾಲ್ಫ್, ಅರಗಾರ್ನ್, ಬೊರೊಮಿರ್, ಲೆಗೊಲಾಸ್ ಮತ್ತು ಗಿಮ್ಲಿ, ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತಾರೆ. ಜೊತೆಗೆ ಎಲ್ರಾಂಡ್, ಆರ್ವೆನ್, ಮುದಿ ಬಿಲ್ಬೊ, ಗಿಮ್ಲಿಯ ತಂದೆ ಗ್ಲೋಯಿನ್ ಮುಂತಾದವರಿದ್ದಾರೆ. 2012ರಲ್ಲಿ ಲೆಗೊ ಈ ಕಥೆಯನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ ಈ ಒಂಬತ್ತು ಮಂದಿ ಹಲವು ಪೆಟ್ಟಿಗೆಗಳಲ್ಲಿ ಚದುರಿಹೋಗಿದ್ದರು. ತಂಡವನ್ನು ಪೂರ್ಣಗೊಳಿಸಲು ಹೊರಟವರು ಫ್ರೋಡೊನನ್ನು ಮತ್ತೆ ಮತ್ತೆ ಕೊಳ್ಳಬೇಕಾಗುತ್ತಿತ್ತು. 2013ರಲ್ಲಿ ಇದೇ ಸಭೆಯ ಮೇಲೆ 79006 ಸಂಖ್ಯೆಯ ಪುಟ್ಟ ಪೆಟ್ಟಿಗೆಯೊಂದು ಬಂದಿತ್ತು. ಅದರಲ್ಲಿ ಇದ್ದದ್ದು 243 ತುಣುಕುಗಳು, ನಾಲ್ಕು ಗೊಂಬೆಗಳು. ನಾಲ್ವರು ಸೇರಿದರೆ ಅದು ಮಹಾಸಭೆಯಾಗುವುದು ಹೇಗೆ? ಈಗ ಆ ಕೊರತೆ ನೀಗಿದೆ. ಎಲ್ಫ್‌ಗಳ ಚೂಪು ಕಿವಿಗಳನ್ನು ಕೂದಲಿನ ಅಚ್ಚಿನಲ್ಲೇ ಸೇರಿಸಿರುವುದರಿಂದ, ಗೊಂಬೆಯ ತಲೆ ಎಲ್ಲರದಂತೆ ಗುಂಡಗಿದ್ದರೂ ಕೂದಲು ಕೂರಿಸಿದೊಡನೆ ಕುಲ ಬದಲಾಗುತ್ತದೆ. ಉಡುಪಿನ ಮುದ್ರಣ ಅಚ್ಚುಕಟ್ಟಾಗಿದೆ. ಸಭೆಯ ಪೀಠದ ಮೇಲಿಡುವ ಉಂಗುರವು ಗೊಂಬೆಯ ಅಳತೆಗೆ ಹೋಲಿಸಿದರೆ ಬಳೆಯಷ್ಟು ದೊಡ್ಡದು. ಅದಕ್ಕಿಂತ ಚಿಕ್ಕದಾಗಿದ್ದರೆ ನೆಲದ ಮೇಲೆ ಬಿದ್ದಾಗ ಸಿಗುವ ಆಸೆಯೇ ಇರುತ್ತಿರಲಿಲ್ಲ ಎಂಬ ಕಾರಣಕ್ಕೆ ಕ್ಷಮಿಸಬಹುದು.

ಇಷ್ಟೆಲ್ಲ ಮೆಚ್ಚಿದ ಮೇಲೆ ನನ್ನ ಮುಖ್ಯ ತಕರಾರನ್ನು ಹೇಳುತ್ತೇನೆ. ಇದರಲ್ಲಿ ಮನೆಯಿದೆ, ಕಣಿವೆಯಿಲ್ಲ. ಟೋಲ್ಕಿನ್ 1911ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಪರ್ವತಗಳಲ್ಲಿ ಕಾಲ್ನಡಿಗೆಯ ಪ್ರವಾಸ ಮಾಡಿದ್ದರು. ಎರಡೂ ಬದಿ ಕಡಿದಾದ ಬಂಡೆಗೋಡೆಗಳು, ಅವುಗಳಿಂದ ಧುಮುಕುವ ನೀರು, ನಡುವೆ ಹಸಿರು ತಳ ಇರುವ ಲೌಟರ್‌ಬ್ರುನೆನ್ ಕಣಿವೆಯೇ ರಿವೆಂಡೆಲ್‌ಗೆ ಪ್ರೇರಣೆ ಎಂಬುದು ಅವರ ಬರಹಗಳನ್ನು ಅಭ್ಯಾಸ ಮಾಡಿದವರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. 1937ರಲ್ಲಿ ಅವರೇ ಬಿಡಿಸಿದ ಜಲವರ್ಣ ಚಿತ್ರವನ್ನು ನೋಡಿದರೆ ಆ ಮಾತು ಕಣ್ಣಿಗೇ ರುಜುವಾಗುತ್ತದೆ: ಬಂಡೆಗಳೂ ಹೊಳೆಯೂ ಹಾಳೆಯನ್ನು ತುಂಬಿಕೊಂಡಿವೆ, ಎಲ್ರಾಂಡನ ಮನೆ ಅವುಗಳ ನಡುವೆ ಪುಟ್ಟದಾಗಿ ಮುದುರಿಕೊಂಡಿದೆ. ಸಿನಿಮಾದಲ್ಲೂ ಆ ಊರು ನಮ್ಮನ್ನು ಹಿಡಿದು ನಿಲ್ಲಿಸುವುದು ಹಿನ್ನೆಲೆಯ ಬೆಟ್ಟ ಮತ್ತು ಜಲಪಾತಗಳ ಬಲದಿಂದ. ಹೊರಾಂಗಣದ ಕೆಲವು ದೃಶ್ಯಗಳಿಗಾಗಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದಾಚೆಯ ಕೈಟೊಕೆ ಕಾಡಿಗೆ ಚಿತ್ರತಂಡದವರು ಹೋದದ್ದೂ ನದಿ ಮತ್ತು ಮರಗಳಿಗಾಗಿಯೇ.

ಲೆಗೊ ಮಾದರಿಯಲ್ಲಿ ಕಲ್ಲಿನ ಅಡಿಪಾಯದ ಸುಳಿವು, ಶರತ್ಕಾಲದ ಬಣ್ಣ ತಳೆದ ಮರಗಳು, ಸೇತುವೆಯ ಕೆಳಗೆ ಹರಿಯುವ ಹೊಳೆಯ ಒಂದು ತುಂಡು ಇವೆ. ಆದರೆ ಊರನ್ನು ಬಚ್ಚಿಟ್ಟುಕೊಳ್ಳುವ ಬಂಡೆಯ ಆಸರೆ ಇಲ್ಲ. ಮೇಜಿನ ಮೇಲೆ ಅದು ನಾಲ್ಕೂ ಕಡೆ ಬಯಲಾಗಿ, ಎಲ್ಲರಿಗೂ ಕಾಣುವಂತೆ ನಿಂತಿದೆ. ಬಂಡೆ ಕಟ್ಟಲು ಸಾವಿರಾರು ಬೂದು ತುಣುಕುಗಳು ಬೇಕಾಗುತ್ತಿದ್ದವು, ಬೆಲೆ ಇನ್ನೂ ಏರುತ್ತಿತ್ತು, ಬೂದು ಗೋಡೆ ಕಟ್ಟುವುದರಲ್ಲಿ ಯಾರಿಗೂ ಸ್ವಾರಸ್ಯವಿಲ್ಲ ಎಂಬ ಸಮರ್ಥನೆಗಳು ನನಗೂ ಗೊತ್ತು. ಆದರೂ ಗೊಂಬೆಗಳಲ್ಲಿ ಎರಡನ್ನು ಬಿಟ್ಟು, ಒಂದು ಬದಿಗಾದರೂ ಗೋಡೆಯಂತೆ ಏಳುವ ಬಂಡೆಯನ್ನೂ ಅದರ ಸೀಳಿನಿಂದ ಇಳಿಯುವ ನೀರನ್ನೂ ಕೊಟ್ಟಿದ್ದರೆ ಇದು ಬೇರೆಯೇ ಎತ್ತರದ ಕೃತಿಯಾಗುತ್ತಿತ್ತು ಎಂದು ನನಗೆ ಅನಿಸುತ್ತದೆ. ಬಿಡಿ ತುಣುಕುಗಳ ಸಂಗ್ರಹವಿರುವ ಹವ್ಯಾಸಿಗಳು ತಾವೇ ಹಿಂಬದಿಯ ಬೆಟ್ಟ ಕಟ್ಟಿಕೊಳ್ಳಬಹುದು. ಆದರೆ ಅಷ್ಟು ಬೆಲೆ ಕೊಟ್ಟವರು ಊರಿಗೆ ಬೇಕಾದ ಬೆಟ್ಟವನ್ನೂ ತಾವೇ ಹೊರಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಉಳಿದ ಕೊರತೆಗಳು ಚಿಕ್ಕವು. ಕಟ್ಟಡದ ಒಳಕೋಣೆಗಳನ್ನು ನೋಡಬೇಕಾದದ್ದು ಹಿಂಬದಿಯಿಂದ. ಕೋಣೆಗಳು ಇಕ್ಕಟ್ಟಾಗಿದ್ದು, ದಪ್ಪ ಬೆರಳಿನವರು ಹಾಸಿಗೆಯ ಮೇಲೆ ಫ್ರೋಡೊನನ್ನು ಮಲಗಿಸಲು ಹೋದರೆ ಪಕ್ಕದ ಸಾಮಾನು ಉರುಳುವುದು ಖಂಡಿತ. ಗೋಡೆಗೆ ಒತ್ತಿ ಇಟ್ಟರೆ ಒಳಗಿನ ಕೆಲಸವೆಲ್ಲ ವ್ಯರ್ಥ. ನಮ್ಮ ಮನೆಗಳ ಶೋಕೇಸುಗಳ ಆಳ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸು, ಈ ಮಾದರಿಗೆ ಬೇಕಾದದ್ದು ಸುಮಾರು ಒಂದೂಮುಕ್ಕಾಲು ಅಡಿ. ಹೀಗಾಗಿ ಕೊಳ್ಳುವ ಮುಂಚೆ ಟೇಪು ಹಿಡಿದು ಜಾಗ ಅಳೆಯುವುದು ಒಳಿತು. ಮೂರು ಭಾಗಗಳನ್ನು ಬೇರ್ಪಡಿಸಿ ಬೇರೆ ಬೇರೆ ಕಡೆ ಇಡಬಹುದಾದರೂ ಹಾಗೆ ಇಟ್ಟರೆ ಊರಿನ ಮೈಕಟ್ಟು ಒಡೆಯುತ್ತದೆ. ಧೂಳು ಇನ್ನೊಂದು ತಲೆನೋವು. ಬಿಲ್ಲೆಗಳ ಸಂದಿಯಲ್ಲಿ, ಜಾಲಂದ್ರದ ಕಣ್ಣುಗಳಲ್ಲಿ, ಎಲೆಗಳ ಮೇಲೆ ಕೂತ ಧೂಳನ್ನು ಬಟ್ಟೆಯಿಂದ ಒರೆಸಲು ಆಗುವುದಿಲ್ಲ. ಚಿತ್ರ ಬರೆಯುವ ಮೆತ್ತನೆಯ ಕುಂಚವೇ ಗತಿ. ಬೇಸಗೆಯಲ್ಲಿ ಕಿಟಕಿ ತೆರೆದಿಡುವ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಲೆಕ್ಕದ ಮಾತು ಬಂದಿತಾದ್ದರಿಂದ ಬೆಲೆಯನ್ನೂ ನೋಡೋಣ. ಒಂದು ತುಣುಕಿಗೆ ಸುಮಾರು 8 ಸೆಂಟ್ ಬೀಳುತ್ತದೆ. ಇದೇ ಕಥಾಲೋಕದಿಂದ 2024ರಲ್ಲಿ ಬಂದ ಬರಾದ್-ದೂರ್ ಎಂಬ ಕಪ್ಪು ಕೋಟೆಯಲ್ಲಿ 459.99 ಡಾಲರಿಗೆ 5,471 ತುಣುಕುಗಳು, ಅಲ್ಲಿಯೂ ದರ ಹೆಚ್ಚುಕಡಿಮೆ ಅಷ್ಟೇ. 2025ರಲ್ಲಿ ಬಂದ ಹಾಬಿಟ್‌ಗಳ ಊರಾದ ಶೈರ್‌ನಲ್ಲಿ 269.99 ಡಾಲರಿಗೆ 2,017 ತುಣುಕುಗಳು, ಅಂದರೆ ತುಣುಕಿಗೆ 13 ಸೆಂಟಿಗಿಂತ ಹೆಚ್ಚು. ಈ ಹೋಲಿಕೆಯಿಂದ ರಿವೆಂಡೆಲ್ ಅಗ್ಗ ಎಂದು ತೀರ್ಮಾನಿಸಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಅದರ ತುಣುಕುಗಳಲ್ಲಿ ಮಾಡಿನ ಪುಟ್ಟ ಬಿಲ್ಲೆಗಳ ಪಾಲು ದೊಡ್ಡದು. ಸಂಖ್ಯೆ ಉಬ್ಬಿದಷ್ಟು ಗಾತ್ರ ಉಬ್ಬಿಲ್ಲ. ಮೂರರ ಪೈಕಿ ಕೈಗೆ ಕೆಲಸ ಕೊಡುವುದರಲ್ಲಿಯೂ ಕಣ್ಣಿಗೆ ಹಬ್ಬವಾಗುವುದರಲ್ಲಿಯೂ ರಿವೆಂಡೆಲ್ ಮುಂದಿದೆ ಎಂಬುದು ಮಾತ್ರ ನನ್ನ ಖಚಿತ ಅಭಿಪ್ರಾಯ. ಕಪ್ಪು ಕೋಟೆಯನ್ನು ಇದಕ್ಕಿಂತ ಮೇಲೆ ಇಡುವವರ ರುಚಿಯೊಂದಿಗೆ ನನಗೆ ಜಗಳವಿಲ್ಲ.

ಭಾರತದಲ್ಲಿ ಇರುವವರ ಲೆಕ್ಕ ಬೇರೆ. 499.99 ಡಾಲರ್ ಎಂದರೆ ಬಿಡುಗಡೆಯ ಸಮಯದ ವಿನಿಮಯ ದರದಲ್ಲಿ ಸುಮಾರು 41,000 ರೂಪಾಯಿ. ಅದರ ಮೇಲೆ ಆಮದು ಸುಂಕವಿದೆ: ಆಟಿಕೆಗಳ ಮೇಲಿನ ಮೂಲ ಸುಂಕವನ್ನು ಕೇಂದ್ರ ಸರ್ಕಾರವು 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿಸಿತು. ದೇಶೀಯ ತಯಾರಕರನ್ನು ಉಳಿಸುವ ಉದ್ದೇಶ ಅದರ ಹಿಂದಿದೆ. ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಮೆಚ್ಚುವವನಾಗಿ ಆ ಉದ್ದೇಶವನ್ನು ನಾನು ಹಳಿಯಲಾರೆ. ಆದರೆ ಈ ಬಗೆಯ ಮಾದರಿಗೆ ದೇಶೀಯ ಪರ್ಯಾಯವೇ ಇಲ್ಲದಿರುವುದರಿಂದ ಹೊರೆ ಪೂರ್ತಿಯಾಗಿ ಕೊಳ್ಳುವವನ ಹೆಗಲಿಗೇ ಬೀಳುತ್ತದೆ. ಹೊರದೇಶದಲ್ಲಿರುವ ಅಣ್ಣನೋ ಅತ್ತಿಗೆಯೋ ರಜೆಗೆ ಬರುವಾಗ ತರಿಸಿಕೊಳ್ಳುವವರು, ಪೆಟ್ಟಿಗೆಯು ಸೂಟ್‌ಕೇಸಿನಲ್ಲಿ ಹಿಡಿಸುವ ಗಾತ್ರದ್ದಲ್ಲ ಎಂಬುದನ್ನು ಮೊದಲೇ ತಿಳಿಸುವುದು ಮರ್ಯಾದೆ. ಒಳಗಿನ ಚೀಲಗಳನ್ನು ಬಟ್ಟೆಗಳ ನಡುವೆ ಹಂಚಿ, ಹೊರಪೆಟ್ಟಿಗೆಯನ್ನು ಚಪ್ಪಟೆಯಾಗಿ ಮಡಚಿ ತರುವುದು ಸಾಧ್ಯ. ಕೈಪಿಡಿಗಳು ಮಾತ್ರ ಮುದುಡದಂತೆ ತಳದಲ್ಲಿ ಇರಲಿ.

ಅರ್ಧ ಬೆಲೆಗೆ ಸಿಗುತ್ತದೆ ಎಂದು ಅಂತರಜಾಲದಲ್ಲಿ ಕಾಣುವ, ಲೆಗೊ ಹೆಸರೇ ಇಲ್ಲದ ನಕಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇರೆ ಮಾದರಿಗಳಲ್ಲಿ ಅವು ಹೇಗೋ ನಡೆದಾವು. ಇಲ್ಲಿ ಸಾಲುಗಟ್ಟಿದ ಬಿಲ್ಲೆಗಳು ಇಳಿಜಾರಿನಲ್ಲಿ ಕಚ್ಚಿಕೊಂಡು ನಿಲ್ಲಬೇಕಾಗಿರುವುದರಿಂದ ಹಿಡಿತ ಸಡಿಲವಾದ ತುಣುಕುಗಳಿಂದ ಪ್ರಯೋಜನವಿಲ್ಲ. ಯಾರಾದರೂ ಜೋಡಿಸಿ ಬಿಚ್ಚಿದ ಅಸಲಿ ಮಾದರಿಯನ್ನು ಎರಡನೆಯ ಕೈಯಿಂದ ಕೊಳ್ಳುವುದು ಅದಕ್ಕಿಂತ ಬುದ್ಧಿವಂತಿಕೆ. ಹಾಗೆ ಕೊಳ್ಳುವಾಗ ಮೊದಲು ಗೊಂಬೆಗಳ ಫೋಟೊ ಕೇಳಬೇಕು. ಹದಿನೈದನ್ನೂ ಬೇರೆಯಾಗಿ ಮಾರಿ, ಬರೀ ಕಟ್ಟಡವನ್ನು ‘ಪೂರ್ಣ’ ಎಂದು ಒಪ್ಪಿಸುವವರಿದ್ದಾರೆ. ಆಮೇಲೆ ಮಾಸಿದ ಹಸಿರಿನ ಬಿಲ್ಲೆಗಳನ್ನು ಬಿಳಿ ಹಾಳೆಯ ಮೇಲೆ ಸುರಿದು ತೋರಿಸಲು ಹೇಳಬೇಕು. ವರ್ಷಗಟ್ಟಲೆ ಬಿಸಿಲಿಗೆ ಇಟ್ಟಿದ್ದರೆ ಮಾಡಿನ ಒಂದು ಇಳಿಜಾರು ಇನ್ನೊಂದಕ್ಕಿಂತ ಬಿಳುಚಿಕೊಂಡಿರುವುದು ಅಲ್ಲಿಯೇ ಗೊತ್ತಾಗುತ್ತದೆ, ಮತ್ತು ಬೆಲೆ ಇಳಿಸಿ ಎಂದು ಕೇಳಲು ಅಷ್ಟು ಸಾಕು.